ಬಾಗಿಲು ಹಾಕಿದೆ

ಮೂವತ್ತೊಂದು ವರ್ಷ ಮುಂಬಯಿಯಲ್ಲಿ ಮೀಟರು ಓದಿದೆ.
ಮೆಟ್ಟಿಲ ಕೆಳಗೆ, ಸೈಕಲ್ಲು ಬಕೀಟುಗಳ ಹಿಂದೆ,
ಟಾರ್ಚಿನ ಬೆಳಕಲ್ಲಿ
ಕೆಂಪು ಗುರುತಿನ ಚಕ್ರ ಸುತ್ತುವುದ ನೋಡಿಯೇ
ಹೇಳಬಲ್ಲವನಾಗಿದ್ದೆ: ಮೇಲೆ ಯಾರು ಸೆಕೆಗೆ ಬೇಯುತ್ತಿದ್ದಾರೆ,
ಯಾರು ಮೇ ತಿಂಗಳಲ್ಲೂ ರಗ್ಗು ಹೊದ್ದಿದ್ದಾರೆ.

ಪರೇಲಿನ ಚಾಳಿನಲ್ಲಿ ಒಬ್ಬಾಕೆ
ರಾತ್ರಿ ಹತ್ತಕ್ಕೆ ಫ್ರಿಜ್ಜು ಆರಿಸಿ
ಬೆಳಿಗ್ಗೆ ಹಾಲು ಮೂಸಿ ನೋಡುತ್ತಿದ್ದಳು.
ಅವಳದನ್ನು ಎರಡೆರಡು ಸಲ ಓದುತ್ತಿದ್ದೆ,
ಕಣ್ತಪ್ಪಿ ಹೆಚ್ಚು ಬರೆದೇನೋ ಎಂದು.

ಈಗ ನನ್ನದೇ ಮನೆ. ಗೋವೆಯ ತುದಿ, ಲೋಲಿಯೆ.
ಕಾಗದ ಬಿಚ್ಚಿ ಫ್ಲಾವಿಯಾ ಕೇಳಿದಳು,
'ಎಂಥ ಮನೆ ಬೇಕು ಅಂಕಲ್?'
'ಚಕ್ರ ತಿರುಗದ ಮನೆ' ಎಂದೆ.
ನಕ್ಕಳು. ಆಮೇಲೆ ಪೆನ್ಸಿಲು ಕೆಳಗಿಟ್ಟು
ಬಯಲಲ್ಲಿ ಗೂಟ ನೆಟ್ಟು
ಇಡೀ ದಿನ ಅದರ ನೆರಳಿನ ಹಿಂದೆ ನಡೆದಳು,
ತಾಸಿಗೊಂದು ಸುಣ್ಣದ ಚುಕ್ಕಿ ಇಡುತ್ತ.
'ಬಾಯಿ ರಂಗೋಲಿ ಹಾಕ್ತಾಳೆ' ಅಂದ ಪುಂಡಲೀಕ ಮೇಸ್ತ್ರಿ.

ಪಡುವಣಕ್ಕೆ ಕಿಟಕಿ ಬೇಡವೆಂದಳು.
ವಾರಿಜ ಬಿಡಲಿಲ್ಲ:
'ಇಷ್ಟು ವರ್ಷ ಎದುರುಮನೆಯ ಒಗೆದ ಬಟ್ಟೆ ನೋಡಿದೆ.
ಸೂರ್ಯ ಮುಳುಗುವುದನ್ನು ಇನ್ನಾದರೂ ನೋಡಬೇಡವೆ?'
ನಾಲ್ಕು ದಿನ ಮಾತಿಲ್ಲ.
ಕಡೆಗೆ ರಾಜಿ ಮಾಡಿಸಿದ್ದು ಗೇರುಮರ,
ಕಡಿಯಲು ಗುರುತು ಹಾಕಿಟ್ಟ ಮರ.
ಕಿಟಕಿ ಅದರ ಟೊಂಗೆಯ ಮರೆಗೆ ಬಂತು,
ಗೋಡೆ ಎರಡಡಿ ಹಿಂದೆ ಸರಿಯಿತು.
ಕೋಣೆ ಸಣ್ಣದು. ಮಂಚ ಹಿಡಿಸುತ್ತದೆ.

ಚಿರೆಕಲ್ಲು ಹತ್ತಿರದ ಕಣಿಯದೇ.
ಮಡಗಾಂವಿನಲ್ಲಿ ಕೆಡವಿದ ಮನೆಯಿಂದ
ಚಿಪ್ಪಿನ ಕಿಟಕಿ ಎರಡು ತಂದೆವು,
ಬಿಸಿಲು ಅದರಲ್ಲಿ ಹಾಯ್ದು ಗಂಜಿಯ ತಿಳಿಯಾಗುತ್ತದೆ.
ಹಂಚಿನ ನೆತ್ತಿಯಲ್ಲಿ ಗೇಣಗಲ ಸೀಳು.
'ಸೆಕೆಗೆ ಹೋಗುವ ದಾರಿ ತೋರಿಸಬೇಕು ಅಂಕಲ್, ಅಷ್ಟೆ.'
ಮೊದಲ ಮಳೆಗೆ ಅದೇ ದಾರಿಯಲ್ಲಿ ನೀರು ಬಂತು,
ಸರಿಯಾಗಿ ಉಪ್ಪಿನಕಾಯಿ ಭರಣಿಯ ಮೇಲೆ.
ಬೈದುಕೊಳ್ಳುತ್ತ ಹತ್ತಿದ ಪುಂಡಲೀಕ.

ಅಕ್ಟೋಬರಿನಲ್ಲಿ ಬಿಲ್ಲಿನ ಹುಡುಗ ಬಂದ.
ಈಗಿನ ಮೀಟರಿಗೆ ಚಕ್ರವಿಲ್ಲ,
ಚಿಕ್ಕ ದೀಪ ಮಿಟುಕುತ್ತದೆ. ಮಿಟುಕಲೆಂದು ಕಾದ.
ಬೆರಳಲ್ಲಿ ತಟ್ಟಿದ. ಹಳೆಯ ಅಂಕಿ ಹೆಚ್ಚೇನೂ ಕದಲಿರಲಿಲ್ಲ.
'ಬಾಗಿಲು ಹಾಕಿದೆ' ಎಂದು ಬರೆದುಕೊಂಡ.

ಚಿಪ್ಪಿನ ಹಿಂದೆ ನಿಂತು ನೋಡುತ್ತಿದ್ದೆ,
ಗೆದ್ದವನ ಹಾಗೆ, ಒಂದು ಕ್ಷಣ.
ಆಮೇಲೆ ನೆನಪಾಯಿತು
ನಾನೇ ಹಾಗೆ ಬರೆದ ಬಾಗಿಲುಗಳು:
ಒಳಗೆ ಯಾರೋ ಫ್ಯಾನು ಆರಿಸಿ,
ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟು
ನನ್ನ ಚಪ್ಪಲಿ ಸದ್ದು ಇಳಿದುಹೋಗಲೆಂದು
ಕಾದು ಕೂತಿದ್ದರೋ ಏನೋ.
ಅವರ ಮನೆಗೆ ಗೇರುಮರವಿರಲಿಲ್ಲ.

'ಯಾರದು?' ಅಡುಗೆಮನೆಯಿಂದ ವಾರಿಜ.
'ನಮ್ಮವನೇ. ಒಂದು ಲೋಟ ನೀರು ತಾ,
ಬಿಸಿಲಲ್ಲಿ ಬಂದಿದ್ದಾನೆ' ಎಂದೆ.
ಅಗುಳಿ ತೆಗೆದೆ.