ಬೈ ಟು

"ಒಂದು ಕಾಫಿ, ಬೈ ಟು" ಅಂದೆ.
ಪಿಳ್ಳಪ್ಪನವರಿಗೆ ಬೇರೆ ಹೇಗೆ ತಿಳಿಸಲಿ?
ನೋಡಿ, ಎರಡು ಲೋಟ.
ಒಂದರಲ್ಲಿ ಕಾಫಿ. ಇನ್ನೊಂದರಲ್ಲಿ
ಅದೇ ಬಣ್ಣದ, ಅಷ್ಟೇ ಬಿಸಿಯ ಬರೀ ನೀರು ಅಂದುಕೊಳ್ಳಿ.
ನಿಮ್ಮ ಮಾಮೂಲಿ ಮಾತ್ರೆ ಹೇಗೂ ಇರುತ್ತೆ, ಇದು ಅದರ ಮೇಲೆ.
ಯಾವುದು ಯಾರ ಪಾಲಿಗೆ ಬಂತೋ
ಕುಡಿಯುವ ನಿಮಗೂ ಗೊತ್ತಿಲ್ಲ,
ಕೊಡುವ ನನಗೂ ಗೊತ್ತಿಲ್ಲ.

"ಮತ್ಯಾರಿಗೆ ಗೊತ್ತು?"
ದೂರದಲ್ಲೊಂದು ಬೀರು, ಅದರೊಳಗೊಂದು ಲಕೋಟೆ.
ಅವರು ಮೇಲೆ ನೋಡಿ ಕೈ ಮುಗಿದರು.
ಅಷ್ಟು ದೂರ ಅಲ್ಲ, ಮಲ್ಲೇಶ್ವರದಲ್ಲಿ, ಅಂದೆ.

ಮೂವತ್ತೆರಡು ವರ್ಷ ಮೆಜೆಸ್ಟಿಕ್ಕಿಂದ ಬನಶಂಕರಿಗೆ
ನಿಂತೇ ಚಿಲ್ಲರೆ ಎಣಿಸಿದ ಕಾಲು;
ಈಗ ಚಪ್ಪಲಿ ಕಳಚಿ ಬಿದ್ದರೂ ತಿಳಿಯದ ಕಾಲು.
ಕೂದಲಿನಂಥ ನೈಲಾನು ಎಳೆಯಿಂದ
ಹೆಬ್ಬೆರಳ ಬುಡ ಮುಟ್ಟಿ ಕೇಳುತ್ತೇನೆ: ಗೊತ್ತಾಯ್ತಾ?
"ಮೊದ್ಲು ಮುಟ್ಟಿ ಮೇಡಂ, ಆಮೇಲೆ ಹೇಳ್ತೀನಿ."

ನನ್ನ ಸಂಶೋಧನೆ ಇಷ್ಟೇ:
ಸಕ್ಕರೆ ಮೊದಲು ಪಾದದ ನರ ತಿನ್ನುತ್ತದೆ,
ಹೇಳದೆ ಕೇಳದೆ ಎದೆಯ ನರಕ್ಕೂ ಬರುತ್ತದೆ,
ಆಮೇಲೆ ಎದೆ ಒಡೆದರೂ ಸದ್ದಿಲ್ಲ.
ನಮ್ಮ ಭಾಷೆ ಎದೆಗೆ ಏನೆಲ್ಲ ಕೊಟ್ಟಿದೆ:
ಝಲ್ಲೆನ್ನುತ್ತದೆ, ಧಸಕ್ಕೆನ್ನುತ್ತದೆ,
ಉರಿಯುತ್ತದೆ, ತುಂಬಿ ಬರುತ್ತದೆ.
ಸುಮ್ಮನಿರುವ ಎದೆಗೆ ಮಾತ್ರ ಒಂದು ಶಬ್ದ ಕೊಟ್ಟಿಲ್ಲ.

ಸುಮ್ಮನಿತ್ತು ಮುನಿಲಕ್ಷ್ಮಮ್ಮನ ಎದೆ,
ಶ್ರಾವಣದ ಶುಕ್ರವಾರ, ಮಾರ್ಕೆಟ್ಟಿನ ಕಾಕಡದ ಸಾಲಿನಲ್ಲಿ.
ಪ್ರತಿ ಸಲ ರಕ್ತ ಕೊಟ್ಟ ಮೇಲೆ
ನರ್ಸ್ ತಬಸ್ಸುಮಳ ಜಡೆಗೆ ತುಂಡು ಹೂವು ಸಿಕ್ಕಿಸಿ ಹೋಗುತ್ತಿದ್ದವಳು.
ಸ್ವಲ್ಪ ಬೆವರು ಬಂತಂತೆ.
ಮೊಳ ಹಾಕುತ್ತಲೇ ಇದ್ದಳಂತೆ.
ಕೊನೆಯ ಮೊಳ ಎಂದಿಗಿಂತ ಉದ್ದ ಇತ್ತು
ಎಂದು ಕೊಂಡ ಹೆಂಗಸು ಅತ್ತಳು.
ನಮ್ಮ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇದೆ: ಘಟನೆ.
ಹೌದು / ಇಲ್ಲ.
ಹೌದಿಗೆ ಸುತ್ತು ಹಾಕಿದೆ.

ಅವಳ ರಕ್ತ ಇನ್ನೂ ನಮ್ಮಲ್ಲೇ ಇದೆ,
ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ,
ಆರು ಪುಟ್ಟ ಕೊಳವೆ, ಹಳದಿ ಮುಚ್ಚಳ.
ಕರೆಂಟೂ ಹೋಗಿ ಜನರೇಟರೂ ಕೈಕೊಟ್ಟ ರಾತ್ರಿ
ನೈಟಿಯ ಮೇಲೆ ದುಪಟ್ಟ ಹೊದ್ದು
ಪೀಣ್ಯದಿಂದ ಒಣ ಮಂಜುಗಡ್ಡೆ ಹೇರಿಕೊಂಡು ಬಂದಿದ್ದೇನೆ.
ಗೂಡ್ಸ್ ಆಟೋದವನು ಕೇಳಿದ:
ಐಸ್‌ಕ್ರೀಮಾ ಮೇಡಂ, ಮದುವೇದಾ?

ಐದು ವರ್ಷ. ಸಾವಿರದ ಇನ್ನೂರ ಹನ್ನೊಂದು ಜನ.
ಲಕೋಟೆ ಒಡೆದ ಮಧ್ಯಾಹ್ನ
ಜೆರೋಮ್ ಲೆಕ್ಕ ಮುಗಿಸಿ ಪರದೆ ನನ್ನ ಕಡೆ ತಿರುಗಿಸಿದ.
ಸೊನ್ನೆ ಬಿಂದು ಸೊನ್ನೆ ಆರು.
ಐದರ ಗೆರೆಯ ಈಚೆಗೆ ಬರಬೇಕಿತ್ತು.
ನೈಲಾನು ಎಳೆಯಷ್ಟು ದೂರ.
ಮುಟ್ಟಿತೋ ಇಲ್ಲವೋ, ಹೇಳಲಾಗದು.
ಹೆಸರುಗಳನ್ನೂ ನೋಡಿದೆ, ನೋಡಬಾರದಿತ್ತು.
ಮುನಿಲಕ್ಷ್ಮಮ್ಮ: ಕಾಫಿ.
ಪಿಳ್ಳಪ್ಪ: ನೀರು.

"ಹೆಂಗಸರನ್ನು ಬಿಟ್ಟು ಒಂದ್ಸಲ ಲೆಕ್ಕ ಹಾಕಿ,
ಗೆರೆ ದಾಟಿದರೂ ದಾಟೀತು" ಎಂದರು ದೊಡ್ಡವರು.
ಆ ಉದ್ದದ ಮೊಳ ಎಲ್ಲಿಗೆ ಹೋಗುತ್ತೆ ಸಾರ್?
ಕೇಳಲಿಲ್ಲ.
ಬಿಡಲೂ ಇಲ್ಲ.
'ಗುಣವಿದೆ ಎನ್ನಲು ಆಧಾರ ಸಾಲದು'
ಎಂದು ಇದ್ದದ್ದು ಇದ್ದ ಹಾಗೆ ಬರೆದೆ.
ಇಂಥ ಸಾಲಿಗೆ ಯಾರೂ ಶಾಲು ಹೊದಿಸುವುದಿಲ್ಲ.
ಇನ್ಯಾವ ಊರಲ್ಲೋ ಇನ್ಯಾರೋ
ಇದೇ ಗೋಡೆಗೆ ಹಣೆ ಚಚ್ಚಿಕೊಳ್ಳದಿದ್ದರೆ ಸಾಕು.

ಕೊನೆಯ ಭೇಟಿಗೆ ಪಿಳ್ಳಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು.
ಹೇಳಿದೆ.
ತುಸು ಹೊತ್ತು ಕಿಟಕಿ ನೋಡಿದರು.
"ಅಂದ್ರೆ ಐದು ವರ್ಷ ನನ್ನ
ಟಿಕೆಟ್ ಇಲ್ದೇ ಓಡಾಡ್ಸಿದ್ರಿ!"
ಕೆಮ್ಮು ಬರುವ ತನಕ ನಕ್ಕರು.
ಆಮೇಲೆ, ಹೊಸ ಮಾತ್ರೆ ಬಂದ್ರೆ
ನನ್ನ ನಂಬರು ಇರ್ಲಿ ಅಂದರು.

ಕ್ಯಾಂಟೀನಿಗೆ ಹೋದೆವು. ಬೈ ಟು,
ಒಂದಕ್ಕೆ ಸಕ್ಕರೆ ಬೇಡ.
ಹುಡುಗ ಎರಡು ಲೋಟ ತಂದಿಟ್ಟು
ಯಾವುದು ಯಾವುದೆಂದು ಮರೆತು ನಿಂತ.
ಎರಡನ್ನೂ ನಾನೇ
ಮೊದಲು ರುಚಿ ನೋಡಿದೆ.