ಬರೀ ಮುಳ್ಳು

ತಮಾಲೆಯಿಂದ ಉತ್ತರಕ್ಕೆ, ಡಾಂಬರು ಮುಗಿದ ಮೇಲೂ
ಎರಡು ತಾಸು ಕೆಂಧೂಳು ಕುಡಿದರೆ ಸಿಗುವ ಊರಲ್ಲಿ
ನಪಾರಿ ಎಂಬ ಮುದುಕ ದಿನಾ ಸಂಜೆ
ಒಂದು ಸೊನ್ನೆ ಬರೆಯುತ್ತಾನೆ.

ರೂಲು ಹಾಕಿದ ಉದ್ದನೆಯ ಪುಸ್ತಕ. ತಾರೀಖು, ನೋಡಿದ ಮನೆ ಎಷ್ಟು,
ಆಮೇಲೆ ಕೊನೆಯ ಕಾಲಮ್ಮಿನಲ್ಲಿ ಸೊನ್ನೆ.
ಮರುದಿನ ಸೊನ್ನೆ. ಹಬ್ಬದ ದಿನವೂ ಸೊನ್ನೆ.
ಹೆಂಡತಿ ತೀರಿಕೊಂಡ ದಿನ ಮಾತ್ರ ಖಾಲಿ,
ಅದರ ಮರುದಿನ ಎರಡು ಸೊನ್ನೆ, ಪಕ್ಕಪಕ್ಕ.

ಮೊಮ್ಮಗಳು ವುಂಪಿನಿ ಕೇಳುತ್ತಾಳೆ:
"ಅಜ್ಜ, ಇಲ್ಲದ್ದನ್ನು ಯಾಕೆ ಬರೀತೀಯ?"
ಅವನು ಮಾತಾಡದೆ ಮೊಣಕಾಲ ತನಕ ಬಟ್ಟೆ ಸರಿಸಿ
ಹುಣಸೆ ಬೀಜದಂಥ ಏಳು ಕಲೆ ತೋರಿಸುತ್ತಾನೆ.
ಇದು ಹೆಗ್ಗೆಣಸು ನೆಲದಲ್ಲೇ ಕೊಳೆತ ವರ್ಷದ್ದು.
ಇದು ನಿನ್ನಪ್ಪ ಹುಟ್ಟಿದಾಗಿನದು.
ಇದು, ಮೂವತ್ತರ ಗಂಡಸು ನಾನು
ಅಂಬೆಗಾಲಲ್ಲಿ ಹೊಲಕ್ಕೆ ಹೋದ ವರ್ಷದ್ದು.

ಕೆರೆಯ ನೀರು ಕುಡಿದ ವರ್ಷಕ್ಕೆ
ಕಾಲಿನ ಬೊಕ್ಕೆ ಒಡೆದು ಬರುತ್ತಿತ್ತು ಅದು, ಬೆಳ್ಳನೆ ದಾರ.
ಎಳೆಯಬಾರದು. ತುಂಡಾದರೆ ಕಾಲೇ ಕೊಳೆಯುತ್ತದೆ.
ಕಡ್ಡಿಗೆ ಸುತ್ತಬೇಕು, ದಿನಕ್ಕೊಂದು ಬೆರಳು,
ವಾರಗಟ್ಟಲೆ, ನೂಲುವವರ ತಾಳ್ಮೆಯಲ್ಲಿ, ಹಲ್ಲು ಕಚ್ಚಿ.

ನನ್ನ ಭಾಷೆಯಲ್ಲಿ ಇದನ್ನು ನಾರುಹುಣ್ಣು ಅಂತಿದ್ದರು.
ಈಗ ಮಕ್ಕಳಿಗೆ ನಿಘಂಟು ತೆಗೆದು ಅರ್ಥ ಹೇಳಬೇಕು.
ಒಂದೊಂದು ಪದ ಸತ್ತಾಗಲೂ ಮರುಗುವವನು ನಾನು;
ಇದೊಂದಕ್ಕೆ ಮಾತ್ರ ಪಾಯಸ ಮಾಡಿಸಿಯೇನು.

ಯಾರು ಓಡಿಸಿದರು? ಸೂಜಿಮದ್ದು ಇರಲಿಲ್ಲ, ಗುಳಿಗೆ ಇರಲಿಲ್ಲ.
ಕೊಡದ ಬಾಯಿಗೆ ಕಟ್ಟಲು ಒತ್ತು ನೇಯ್ಗೆಯ ಬಟ್ಟೆ ಇತ್ತು.
ಮತ್ತೆ ಅಜಾರಾ ಇದ್ದಳು.
ಶಿಯಾ ಎಣ್ಣೆ ಮಾರುವವಳು, ಬಾಯಿ ಜೋರು.
ಕೋಳಿ ಕೂಗುವ ಮೊದಲೇ ದಂಡೆಯಲ್ಲಿ ಮುಕ್ಕಾಲಿ ಹಾಕಿ ಕೂತು
ಹುಣ್ಣಿನ ಕಾಲಿನವರನ್ನು ನೀರಿಗಿಳಿಯಗೊಡದವಳು,
ಅವರ ಕೊಡ ತಾನೇ ತುಂಬಿ, ತಾನೇ ಹೊತ್ತು ಮನೆಗಿಟ್ಟವಳು.
"ಇದು ನಮ್ಮ ರಕ್ತದಲ್ಲೇ ಇದೆ, ಹಿರಿಯರಿಂದ ಬಂದದ್ದು" ಎಂದ ಯಜಮಾನನಿಗೆ
ಲೋಟದಲ್ಲಿ ಕೆರೆ ನೀರು ಹಿಡಿದು, ಬಿಸಿಲಿಗೆ ಎತ್ತಿ,
ಕುಣಿಯುವ ಚುಕ್ಕೆಗಳನ್ನು ತೋರಿಸಿ,
"ಇವರು ನಿಮಗೆ ಯಾವ ಕಡೆಯ ಹಿರಿಯರು?" ಅಂದಳಂತೆ.
ಆ ವರ್ಷ ಅವಳ ಎಣ್ಣೆ ಯಾರೂ ಕೊಳ್ಳಲಿಲ್ಲ.

ಎಲ್ಲ ನೆಟ್ಟಗಾಯಿತು ಅನ್ನುತ್ತಿಲ್ಲ.
ಕೈಪಂಪು ಹರ್ಮಟಾನ್ ಗಾಳಿಯ ಕಾಲದಿಂದ ಕೆಟ್ಟು ನಿಂತಿದೆ,
ಒಂದು ವಾಷರು ಬರಬೇಕು, ಬರುತ್ತಲೇ ಇದೆ.
ಸೊಳ್ಳೆ ಜ್ವರ ಹೋದ ವಾರವೂ ಒಂದು ಮಗುವನ್ನು ನಡುಗಿಸಿತು.

ಆದರೆ ಮೊನ್ನೆ ಶುಕ್ರವಾರ, ನಮಾಜಿಗೆ ಮುಂಚೆ,
ದನ ಕಾಯುವ ಹುಡುಗ ತಿಯುಂಬಾ ಕುಂಟುತ್ತ ಬಂದ.
ಹಿಮ್ಮಡಿ ಊದಿ ಕೆಂಪಗೆ, ನಡುವೆ ಬಿಳಿಯ ತುದಿ.
ಒನಕೆ ನಿಂತವು. ಯಾರೋ ರೇಡಿಯೋ ಆರಿಸಿದರು.
ಎಪ್ಪತ್ತು ದಾಟಿದ ಅಜಾರಾ ಒಂದು ಮಾತೂ ಆಡದೆ
ಮುಕ್ಕಾಲಿ ಎತ್ತಿಕೊಂಡು ಕೆರೆಯತ್ತ ನಡೆದೇಬಿಟ್ಟಳು.
ನಪಾರಿ ಕನ್ನಡಕ ತಡಕಾಡಿದ,
ಬಿಸಿನೀರಲ್ಲಿ ಕಾಲು ನೆನೆಸಿ ಒತ್ತಿದ, ಇನ್ನೊಮ್ಮೆ ಒತ್ತಿದ.
ಬಂತು ಹೊರಗೆ

ಜಾಲಿ ಮುಳ್ಳು.
ಅರ್ಧ ಬೆರಳುದ್ದ, ನೆಟ್ಟಗೆ, ಮುಚ್ಚುಮರೆಯಿಲ್ಲದ್ದು.

ಮುಳ್ಳು! ಬರೀ ಮುಳ್ಳು!
ಗಂಡಾಂತರದ ಹೆರಿಗೆ ಸುಸೂತ್ರವಾದಂತೆ
ಅಂಗಳದಿಂದ ಅಂಗಳಕ್ಕೆ ಓಡಿತು ಸುದ್ದಿ.
ಹುಡುಗ ನೋವಿಗೆ ಅಳುತ್ತಿದ್ದ, ಸುತ್ತ ನಿಂತವರೆಲ್ಲ ನಗುತ್ತಿದ್ದರು.
ಅವನಿಗೆ ಸಿಟ್ಟು ಬಂತು.
ಅವನಿಗೆ ಗೊತ್ತಿಲ್ಲ, ಪಾಪ. ಗೊತ್ತಾಗದೆಯೇ ಇರಲಿ.

ಅಂದು ಸಂಜೆ ಪೆನ್ಸಿಲು ಕೊಂಚ ಒತ್ತಿಯೇ ಆಡಿತು,
ಹಾಳೆಯ ಬೆನ್ನಿಗೂ ಮೂಡಿದೆ ಸೊನ್ನೆ.
ವುಂಪಿನಿ ಅದರೊಳಗೆ ಎರಡು ಕಣ್ಣು, ಒಂದು ಬಾಯಿ ಬರೆದಳು.
"ಸರ್ಕಾರದ ಪುಸ್ತಕ ಅದು!" ಅಜ್ಜ ಗದರಿದ.
ಅಳಿಸಲಿಲ್ಲ.