ಉಷಾಂಗಿಯ ಕೋಟು

ಮೊದಲು ನೀರು ಮುಟ್ಟಿಸಬೇಡ, ಅಂದಳು ಕೆಳಮನೆಯ ಸೀರಾನುಷ್.
ಮಸಿಗೆ ನೀರು ತಗುಲಿದರೆ
ಅದು ಗೋಡೆಯ ಸ್ವಂತ ಬಣ್ಣವಾಗಿಬಿಡುತ್ತದೆ.
ಒಣ ಸ್ಪಂಜು, ಮೇಲಿನಿಂದ ಕೆಳಕ್ಕೆ, ಒಂದೇ ಎಳೆತ.
ತಮ್ತಾ ಏಣಿ ಹತ್ತಿದಳು.

ತ್ಬಿಲಿಸಿಯ ಜೂನ್. ಸೊಲೊಲಾಕಿಯ ಇಳಿಜಾರು ಓಣಿ.
ಎಳೆ ಆಕ್ರೋಡಿನ ಮುರಬ್ಬ ಉಕ್ಕಿ ಒಲೆಗೆ ಸುರಿದು
ಒಲೆಯಿಂದ ಪರದೆಗೆ, ಪರದೆಯಿಂದ ಸೂರಿಗೆ.
ಅಗ್ನಿಶಾಮಕದ ಗಾಡಿ ತಿರುವಿನಲ್ಲೇ ಸಿಕ್ಕಿಕೊಂಡಿತ್ತು;
ಬೆಂಕಿ ಆರಿಸಿದ್ದು ಹನ್ನೊಂದು ಬಕೆಟ್ಟು, ಒಂದು ಮಗುವಿನ ಟಬ್ಬು,
ಮತ್ತು ಇಡೀ ಅಂಗಳದ ಬೈಗುಳ.

ಅತ್ತೆ ನಾಜಿಬ್ರೋಲಾ ಪಕ್ಕದ ಕೋಣೆಯಲ್ಲೇ ಇದ್ದಳು.
ನನಗೆ ವಾಸನೆ ಬರಲಿಲ್ಲ, ಅಂದಳು.
ಚಳಿಗಾಲದ ಜ್ವರದಲ್ಲೇ ನನ್ನ ಮೂಗು ಸತ್ತಿತು.
ಯಾರೂ ಮರುಪ್ರಶ್ನೆ ಹಾಕಲಿಲ್ಲ.
ಸತ್ತದ್ದರ ಬಗ್ಗೆ ಏನು ಕೇಳುವುದು.

ಬೆಂಕಿ ಇದ್ದದ್ದು ಇಪ್ಪತ್ತು ನಿಮಿಷ.
ವಾಸನೆ ಹಾಸಿಗೆ ಬಿಚ್ಚಿಕೊಂಡು ಕೂತಿತು.
ಸೀದ ಸಕ್ಕರೆ, ಸುಟ್ಟ ವಯರು, ನೂರು ವರ್ಷದ ತೊಲೆಯ ಕಮಟು
ಬಲ್ಬಿನ ಬೆನ್ನಲ್ಲಿ, ಬಾಗಿಲಿನ ನೆತ್ತಿಯಲ್ಲಿ
(ಮದುವೆಯಾಗಿ ಬಂದ ಮೇಲೆ ಬಾಗಿಲಿನ ನೆತ್ತಿಯನ್ನು
ಅವಳು ನೋಡಿದ್ದು ಇದೇ ಮೊದಲು),
ಸೆಳೆಖಾನೆಯ ಹೊಟ್ಟೆಯಡಿ, ಮುಚ್ಚಿಟ್ಟ ಉಪ್ಪಿನಲ್ಲೂ.
ವಿನೆಗರ್ ಬೋಗುಣಿ ಇಟ್ಟಳು. ಸೋಡಾ ಎರಚಿದಳು.
ಜಮಖಾನೆಯನ್ನು ಓಣಿಯಲ್ಲಿ ಹಾಸಿ ಬರಿಗಾಲಲ್ಲಿ ತುಳಿದಳು.
ಮೂಲೆಮೂಲೆಗೆ ಇದ್ದಲು ಇಡು, ಅಂದಳು ಸೀರಾನುಷ್, ಹೊಗೆಯನ್ನು ಅದು ಕುಡಿಯುತ್ತದೆ.
ಇದ್ದಲಾ? ತಮ್ತಾ ಬಿದ್ದು ಬಿದ್ದು ನಕ್ಕಳು,
ಆಮೇಲೆ ಏಣಿಯ ಮೇಲೇ ಕೂತು ಅತ್ತಳು,
ಆಮೇಲೆ ಹೋಗಿ ಇದ್ದಲು ತಂದಳು.

ಕೊನೆಗೆ ಗೋಡೆಗೆ ಅರಗಿನ ಲೇಪ.
ನಾವು ಕೇಳಿದ ಕಥೆಯಲ್ಲಿ ಅರಗು ಇದ್ದದ್ದು ಉರಿಯುವುದಕ್ಕೆ.
ಇಲ್ಲಿ ಎರಡು ಬಳಿತಕ್ಕೆ
ಹೊಗೆ ಗೋಡೆಯೊಳಗೇ ಬಾಯಿ ಮುಚ್ಚಿಕೊಂಡಿತು.

ಆದರೂ ಬಿಸಿಲೇರಿದರೆ ಎಲ್ಲಿಂದಲೋ ಮತ್ತೆ.
ಮೂಗು ಹಿಡಿದ ಜಾಡು ಬೀರುವಿಗೆ ಹೋಗಿ ನಿಂತಿತು:
ಮಾವ ಉಷಾಂಗಿಯ ಉಣ್ಣೆಯ ಕೋಟು.
ಅವನು ಹೋಗಿ ಒಂಬತ್ತು ವರ್ಷ. ಕಾಲರಿನಲ್ಲಿ ಅವನ ತಂಬಾಕು.
ದಿನಾ ಬೆಳಿಗ್ಗೆ, ಸತ್ತ ಮೂಗಿನಿಂದಲೂ,
ನಾಜಿಬ್ರೋಲಾ ಬೀರುವಿನೊಳಗೆ ಮುಖವಿಟ್ಟು ನಿಲ್ಲುತ್ತಾಳೆ.
ಒಂದು ಹೊಗೆಯ ಮೇಲೆ ಇನ್ನೊಂದು ಹೊಗೆ.
ಬಿಡಿಸಿ ತೊಳೆಯುವ ಸಾಬೂನು ಯಾವ ಅಂಗಡಿಯಲ್ಲೂ ಇಲ್ಲ.

ಅತ್ತೆ ಚರ್ಚಿಗೆ ಹೋದ ಭಾನುವಾರ
ತಮ್ತಾ ಕೋಟನ್ನು ನೆನೆಹಾಕಿಬಿಟ್ಟಳು.
ಮೂರು ನೀರು. ಹಗ್ಗದ ಮೇಲೆ ಎರಡು ದಿನ, ದ್ರಾಕ್ಷಿ ಬಳ್ಳಿಯ ಹಿಂದೆ, ಕಣ್ಣಿಗೆ ಬೀಳದ ಹಾಗೆ.
ಒಣಗಿದ ಕೋಟಿಗೆ ಏನೂ ವಾಸನೆ ಇರಲಿಲ್ಲ,
ಅಂಗಡಿಯ ಕೋಟಿನಂತೆ, ಯಾರದೂ ಅಲ್ಲದ ಕೋಟಿನಂತೆ.

ಆ ರಾತ್ರಿ ಸೀರಾನುಷಳ ಮಗನಿಂದ ಒಂದು ಸಿಗರೇಟು ಬೇಡಿ ತಂದು
ಬಚ್ಚಲಿನ ಚಿಲಕ ಹಾಕಿದಳು.
ಮೂರು ವಾರದಲ್ಲಿ ಈ ಮನೆಯೊಳಗೆ ಗೀರಿದ ಮೊದಲ ಕಡ್ಡಿ.
ಕೈ ನಡುಗಿತು. ಕೆಮ್ಮಿದಳು. ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು.
ಕಾಲರಿನೊಳಗೆ ಊದಿದಳು, ಬೂದಿ ಉದುರದ ಹಾಗೆ,
ಕೂಸಿನ ಗಾಯಕ್ಕೆ ಊದುವ ಹಾಗೆ.

ಬೆಳಿಗ್ಗೆ ಬೀರುವಿನ ಬಾಗಿಲು ಕಿರುಗುಟ್ಟಿತು.
ತಮ್ತಾ ಕಾಫಿ ಕಲಕುತ್ತ ಬೆನ್ನಲ್ಲೇ ಕೇಳಿಸಿಕೊಂಡಳು.
ಬಹಳ ಹೊತ್ತು ಏನೂ ಇಲ್ಲ.

ಆಮೇಲೆ,
ಅವನು ಪುದೀನ ಸೇದಿದವನಲ್ಲ,
ಅಂದಳು ನಾಜಿಬ್ರೋಲಾ.

ಚಮಚ ನಿಂತಿತು.
ಅಂದ ಮಾತು ಅಂದವಳಿಗೂ ಆಗ ಕೇಳಿಸಿರಬೇಕು.
ಕೆಳಗೆ ಯಾರೋ ನಲ್ಲಿ ಬಿಟ್ಟರು, ನಿಲ್ಲಿಸಿದರು.

ಮುದುಕಿ ಬಂದು ಕಿಟಕಿ ತೆರೆದಳು.
ಕುರ್ಚಿಯೊಂದನ್ನು ಒಲೆಯ ಹತ್ತಿರಕ್ಕೆ ಎಳೆದು ಕೂತಳು.
ನೀನು ಹೋಗಿ ಮುಖ ತೊಳಿ, ಅಂದಳು.
ಉಕ್ಕದ ಹಾಗೆ ನಾನು ನೋಡಿಕೊಳ್ಳುತ್ತೇನೆ.